ಅಲ್ಲಾಡಿಸಿ ತಂದ ಕೀಬೋರ್ಡು

ಯಾವುದಾದರೂ ಒಂದು ಕಸುಬಿನಲ್ಲಿ ನಾಲ್ಕು ಜನ ಹೌದು ಅನ್ನುವಷ್ಟು ಹೆಸರು ಮಾಡಿದ ಮನುಷ್ಯನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಆ ಕಸುಬಿಗೆ ಸಂಬಂಧವೇ ಇಲ್ಲದ ವಿಷಯದಲ್ಲೂ ಜನ ತನ್ನನ್ನು ಕೇಳಿಯೇ ಮುಂದುವರಿಯಬೇಕು ಎಂದು ಅನ್ನಿಸತೊಡಗುತ್ತದೆ. ನನಗೆ ಈ ಕಾಯಿಲೆ ಬಂದು ಬಹಳ ವರ್ಷವಾಯಿತು. ನಾನು ಬಿಳಿಗೆರೆಯ ಕೊಬ್ಬರಿ ವ್ಯಾಪಾರಿ. ಮನೆಯ ಹಜಾರದಲ್ಲೇ ವ್ಯಾಪಾರ, ಪಕ್ಕದಲ್ಲೇ ಕಾಯಿ ತುಂಬಿದ ಅಟ್ಟ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಟಗಟ ಸದ್ದು ಬರುತ್ತದೆ. ಸದ್ದು ಬಂತೋ ಮಾಲು ಒಳ್ಳೆಯದು. ಬರಲಿಲ್ಲವೋ, ಇನ್ನೂ ಹಸಿಯಾಗಿದೆ ಇಲ್ಲವೇ ಕೆಟ್ಟಿದೆ. ಈ ಸದ್ದನ್ನು ಹಿಡಿಯುವುದರಲ್ಲಿ ನನ್ನ ಕಿವಿಗೆ ಸುತ್ತಮುತ್ತ ಒಳ್ಳೆಯ ಹೆಸರಿದೆ. ಮಾಯಸಂದ್ರದವರೂ ಒಪ್ಪುತ್ತಾರೆ, ಅದು ನನ್ನ ಹೆಂಡತಿಯ ತವರು ಅನ್ನುವ ಕಾರಣಕ್ಕೆ ಒಪ್ಪುತ್ತಾರೆ ಅಂತ ಯಾರಾದರೂ ಹೇಳಿದರೆ ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಈ ಕಿವಿಯನ್ನು ನಾನು ಕೊಬ್ಬರಿಗಷ್ಟೇ ಮೀಸಲಿಟ್ಟಿದ್ದರೆ ತೊಂದರೆ ಇರಲಿಲ್ಲ. ಹಿಂದೊಮ್ಮೆ ನನ್ನ ಭಾವಮೈದುನ ಒಂದು ಹಳೆಯ ಸ್ಕೂಟರ್ ಕೊಳ್ಳಲು ಹೊರಟಾಗ ನನ್ನನ್ನೂ ಕರೆದುಕೊಂಡು ಹೋಗಿದ್ದ. ನಾನು ಹ್ಯಾಂಡಲ್ ಹಿಡಿದು ಜೋರಾಗಿ ಒಮ್ಮೆ ಅಲ್ಲಾಡಿಸಿದೆ. ಒಳಗಿನಿಂದ ಖಣಖಣ ಸದ್ದು ಬಂತು. ಒಳ್ಳೆಯ ಗಾಡಿ, ತಗೋ ಎಂದೆ. ತುರುವೇಕೆರೆ ದಾಟುವುದರೊಳಗೆ ಸೈಲೆನ್ಸರ್ ಕಳಚಿ ರಸ್ತೆಗೆ ಬಿತ್ತು. ಭಾವಮೈದುನ ಅವತ್ತಿನಿಂದ ನನ್ನ ಸಲಹೆ ಕೇಳುವುದನ್ನು ನಿಲ್ಲಿಸಿದ. ನಾನು ಕೊಡುವುದನ್ನು ನಿಲ್ಲಿಸಲಿಲ್ಲ.

ಹೀಗಿರುವಾಗ ನನ್ನ ಹೆಂಡತಿ ಸರ್ವಮಂಗಳ ಕೀಬೋರ್ಡು ಬೇಕೆಂದಳು. ನಮ್ಮೂರಿನ ಬಸವಣ್ಣನ ಗುಡಿಯಲ್ಲಿ ಸೋಮವಾರ ಸೋಮವಾರ ಹೆಂಗಸರ ಭಜನೆ ನಡೆಯುತ್ತದೆ. ಹನ್ನೊಂದು ಜನ ಹಾಡುತ್ತಾರೆ, ಇವಳೇ ಮುಂದಾಳು. ಹಾರ್ಮೋನಿಯಂ ನುಡಿಸುತ್ತಿದ್ದ ನಂಜುಂಡಯ್ಯನವರು ವಯಸ್ಸಾಯಿತೆಂದು ಅರಸೀಕೆರೆಯ ಮಗಳ ಮನೆಗೆ ಹೋದರು, ಹೋಗುವಾಗ ಹಾರ್ಮೋನಿಯಂ ಅನ್ನೂ ತೆಗೆದುಕೊಂಡು ಹೋದರು. ಅಂದಿನಿಂದ ಭಜನೆಯ ಶ್ರುತಿಗೆ ಹೇಳುವವರು ಕೇಳುವವರು ಇಲ್ಲ. ಒಬ್ಬಳು ಮೇಲೆ ಎಳೆದರೆ ಇನ್ನೊಬ್ಬಳು ಕೆಳಗೆ ಜಗ್ಗುತ್ತಾಳಂತೆ. ಹಾಡು ಹೊರಟದ್ದು ಒಂದು ಊರಿಗೆ, ತಲುಪಿದ್ದು ಇನ್ನೊಂದು ಊರಿಗೆ. ಇದೆಲ್ಲ ಅವಳೇ ಹೇಳಿದ್ದು. ಸೋಮವಾರ ಸಂಜೆ ನನಗೆ ಚೀಲ ಎಣಿಸುವ ಕೆಲಸವಿರುವುದರಿಂದ ನಾನು ಆ ಕಡೆ ತಲೆ ಹಾಕಿದವನಲ್ಲ. ಈ ಸಲ ಕಾರ್ತಿಕದ ಕೊನೆಯ ಸೋಮವಾರ ಹಾಲ್ಕುರಿಕೆಯ ಮಠದಲ್ಲಿ ಹಾಡಲು ಇವರನ್ನು ಕರೆದಿದ್ದರು. ಊರ ಗುಡಿಯಲ್ಲಿ ಶ್ರುತಿ ತಪ್ಪಿದರೆ ಬಸವಣ್ಣ ಹೊಟ್ಟೆಗೆ ಹಾಕಿಕೊಳ್ಳುತ್ತಾನೆ, ಪರ ಊರಿನ ಜನ ಹಾಕಿಕೊಳ್ಳುತ್ತಾರೆಯೇ? ಸರ್ವಮಂಗಳ ಮದುವೆಗೆ ಮುಂಚೆ ಮಾಯಸಂದ್ರದಲ್ಲಿ ನಾಲ್ಕು ವರ್ಷ ಹಾರ್ಮೋನಿಯಂ ಕಲಿತವಳು. ತಾನೇ ನುಡಿಸಿಕೊಂಡು ಹಾಡುತ್ತೇನೆ ಎಂದು ಎಲ್ಲರಿಗೂ ಮಾತು ಕೊಟ್ಟು ಬಂದಿದ್ದಳು.

“ನಂಗೇನ್ ದೊಡ್ಡದು ಬ್ಯಾಡ ಕಣ್ರೀ,” ಎಂದಳು. “ಒಂದ್ ಶ್ರುತಿ ಹಿಡಿದ್ರೆ ಹಾಡು ಮುಗಿಯೋಗಂಟ ಬುಡ್ದೆ ನಿಂತ್ಕೋಬೇಕು. ಕರೆಂಟ್ ಹೋದ್ರೆ ಸೆಲ್ಲಲ್ಲೂ ನಡೀಬೇಕು. ಅಷ್ಟೇಯ. ತುಮಕೂರಿಗೆ ನಾನೂ ಬತ್ತೀನಿ, ನೋಡಿ ತಗೊಳ್ಳಾನ.”

“ನಿಂಗ್ಯಾಕೆ ಬಸ್ಸಿನ ಧೂಳು? ಮಾಲು ನೋಡೋದು ನಂಗೆ ಬುಡು,” ಎಂದೆ. ಅವಳು ಒಳಗೆ ಹೋದಳು. ಒಪ್ಪಿದಳು ಎಂದೇ ನಾನು ತಿಳಿದೆ.

ಅವಳು ಕೇಳಿದ್ದು ಎರಡೇ ಗುಣ. ನನಗೆ ಅದು ಸಾಲದಾಯಿತು. ವಾರವಿಡೀ ವಿಚಾರಣೆ ನಡೆಸಿದೆ. ತಿಪಟೂರಿನ ಒಬ್ಬ ಸಂಗೀತದ ಮೇಷ್ಟ್ರು ಅರವತ್ತೊಂದು ಕೀಗಳಿಗಿಂತ ಕಡಿಮೆ ಇರುವುದು ಬೇಡ ಎಂದರು. ಪುಟ್ಟ ಪುಟ್ಟ ಕೀಗಳಿರುವುದು ಮಕ್ಕಳ ಆಟಕ್ಕೆ, ದೊಡ್ಡವರ ಬೆರಳು ಒಂದಕ್ಕೆ ಹೋದರೆ ಎರಡಕ್ಕೆ ಬೀಳುತ್ತದೆ ಎಂದರು. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುವಂಥದ್ದು ಸಿಕ್ಕರೆ ಒಳ್ಳೆಯದು, ಆದರೆ ಭಜನೆಗೆ ಅದಿಲ್ಲದೆಯೂ ನಡೆಯುತ್ತದೆ ಎಂದರು. ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಉದ್ಧಾರವಾಗುತ್ತಿದ್ದೆ. ಪಕ್ಕದ ಮನೆಯ ಶಿವಲಿಂಗ, ನನ್ನ ಬಾಲ್ಯದ ಗೆಳೆಯ, ಮೊಬೈಲಿನಲ್ಲಿ ಒಂದು ಪಟ್ಟಿ ತೆಗೆದು ತೋರಿಸಿದ. “ನೋಡ್ಲಾ, ಇದ್ರಾಗೆ ನಾನೂರು ಥರ ಸೌಂಡ್ ಐತೆ. ಕೊಳಲು, ಪಿಟೀಲು, ನಾಯಿ ಬೊಗಳೋದು, ಹೆಲಿಕಾಪ್ಟರ್!” ವಚನ ಹಾಡುವ ಹೆಂಗಸರಿಗೆ ಹೆಲಿಕಾಪ್ಟರ್ ಯಾಕೆ ಎಂದು ಕೇಳುವ ಬುದ್ಧಿ ಇಬ್ಬರಿಗೂ ಬರಲಿಲ್ಲ. ಅದೇ ದುಡ್ಡಿಗೆ ಹೆಲಿಕಾಪ್ಟರ್ ಕೂಡ ಸಿಗುವುದಾದರೆ ಬಿಟ್ಟು ಬರುವುದು ದಡ್ಡತನ ಅನ್ನಿಸಿತು.

ತುಮಕೂರಿನ ಅಂಗಡಿಯಲ್ಲಿ ಒಬ್ಬ ಹುಡುಗಿ ವ್ಯಾಪಾರಕ್ಕೆ ನಿಂತಿದ್ದಳು. ಬಹಳ ಮರ್ಯಾದೆಯ ಹುಡುಗಿ. “ಯಾರು ನುಡಿಸೋದು ಸಾರ್?” ಎಂದು ಮೊದಲು ಕೇಳಿದಳು. ನಮ್ಮ ಮನೆಯವರು ಎಂದೆ. “ಹಾಡ್ತಾರಾ? ಅವರ ಶ್ರುತಿ ಯಾವುದು?” ಎಂದಳು. ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಗೊತ್ತಿಲ್ಲ ಅನ್ನುವುದು ನನ್ನ ಬಾಯಲ್ಲಿ ಸುಲಭವಾಗಿ ಬರುವ ಮಾತಲ್ಲ. “ಎಲ್ಲಾ ಶ್ರುತಿಗೂ ಹಾಡ್ತಾಳೆ,” ಎಂದುಬಿಟ್ಟೆ. ಹುಡುಗಿ ಒಂದೊಂದಾಗಿ ಕೀಬೋರ್ಡು ತೆಗೆದು ಮೇಜಿನ ಮೇಲಿಟ್ಟಳು.

ಮೊದಲನೆಯದನ್ನು ಎತ್ತಿದೆ. ಇಲ್ಲಿ ಒಂದು ಮಾತು ಹೇಳಬೇಕು. ಆಮೇಲೆ ನಾನು ಮಾಡಿದ್ದು ಬೇಕೆಂದು ಮಾಡಿದ್ದಲ್ಲ. ಕೈಗೆ ಮಾಲು ಬಂದ ಕೂಡಲೇ ಕಿವಿಯ ಹತ್ತಿರ ಹೋಗುವುದು ಕೈಯ ಅಭ್ಯಾಸ, ಅದಕ್ಕೆ ನನ್ನ ಅಪ್ಪಣೆ ಬೇಕಿಲ್ಲ. ಮೂರಡಿ ಉದ್ದದ ಕೀಬೋರ್ಡನ್ನು ಎರಡೂ ಕೈಯಲ್ಲಿ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ಕೆಳಗಿಟ್ಟೆ. ಎರಡನೆಯದನ್ನು ಎತ್ತಿದೆ, ಅದೂ ಮೂಕ. “ಸಾರ್, ಅಲ್ಲಾಡಿಸ್ಬೇಡಿ ಸಾರ್,” ಎಂದು ಹುಡುಗಿ ಕೈ ಚಾಚಿದಳು. ಅಷ್ಟರಲ್ಲಿ ನನ್ನ ಕಣ್ಣು ಗಾಜಿನ ಕಪಾಟಿನಲ್ಲಿದ್ದ ಒಂದರ ಮೇಲೆ ಬಿತ್ತು. ತೆಗೆಸಿ ಅಲ್ಲಾಡಿಸಿದೆ. ಒಳಗೆ ಗಟ್ ಎಂದಿತು. ಇನ್ನೊಮ್ಮೆ ಅಲ್ಲಾಡಿಸಿದೆ, ಗಟಗಟ ಎಂದಿತು. ನನಗಾದ ಸಮಾಧಾನ ಅಷ್ಟಿಷ್ಟಲ್ಲ.

“ಅದು ತೋರಿಸೋಕೆ ಇಟ್ಟಿರೋ ಪೀಸು ಸಾರ್, ಎಷ್ಟೋ ಜನ ಮುಟ್ಟಿದ್ದಾರೆ. ನಿಮಗೆ ಪ್ಯಾಕ್ ಒಡೆಯದೇ ಇರೋದು ಕೊಡ್ತೀನಿ,” ಎಂದಳು. ನಾನು ಒಳಗೊಳಗೇ ನಕ್ಕೆ. ಚೀಲದ ಬಾಯಲ್ಲಿ ಒಳ್ಳೆಯ ಮಾಲು ಇಡುವುದು ನಮ್ಮ ಕಸುಬಿನ ಮೊದಲ ಪಾಠ. ಅಂದ ಮೇಲೆ ಗಾಜಿನೊಳಗೆ ಇಟ್ಟದ್ದೇ ಇಡೀ ಅಂಗಡಿಯಲ್ಲಿ ಒಳ್ಳೆಯದು, ಅದನ್ನು ಕೊಡಲು ಇವಳಿಗೆ ಮನಸ್ಸಿಲ್ಲ. ಇದೇ ಬೇಕು ಎಂದು ಹಟ ಹಿಡಿದೆ. ಗಿರಾಕಿ ತಾನಾಗಿ ಕೇಳಿ ಒಯ್ದದ್ದು ಎಂದು ಅವಳು ಬಿಲ್ಲಿನಲ್ಲಿ ಬರೆದು ನನ್ನ ಸಹಿ ಹಾಕಿಸಿಕೊಂಡಳು. ನಾನು ಬಹಳ ಗತ್ತಿನಿಂದ ಹಾಕಿದೆ.

ಊರಿಗೆ ಬಂದಾಗ ಭಜನೆಯ ಹೆಂಗಸರಲ್ಲಿ ಐದಾರು ಜನ ಆಗಲೇ ಹಜಾರದಲ್ಲಿ ಕೂತಿದ್ದರು. ನಾನು ಹೆಲಿಕಾಪ್ಟರ್ ಹಾರಿಸಿ ತೋರಿಸಿದೆ. ಗಂಗಕ್ಕ ಎಂಬ ಹಿರಿಯರು ಸೆರಗು ಸರಿಮಾಡಿಕೊಂಡು, “ಶಿವಾ!” ಎಂದರು. ಸರ್ವಮಂಗಳ ಮುಂದೆ ಕೂತು ಬೆರಳಿಟ್ಟಳು. ಒಂದು ಕಡೆಯಿಂದ ಒತ್ತುತ್ತಾ ಬಂದು, ನಡುವೆ ಒಂದು ಕಪ್ಪು ಕೀ ಹತ್ತಿರ ನಿಂತಳು. ಮತ್ತೆ ಒತ್ತಿದಳು, ಸದ್ದಿಲ್ಲ. “ಇದು ಮಾತಾಡ್ತಿಲ್ಲ ಕಣ್ರೀ,” ಎಂದಳು.

“ಇನ್ನೂ ಅರವತ್ತು ಮಾತಾಡ್ತಾವಲ್ಲ! ಅದರ ಪಕ್ಕದ್ದು ಒತ್ತು, ಏನ್ ಮಹಾ ವ್ಯತ್ಯಾಸ,” ಎಂದೆ. ಅವಳು ಪಕ್ಕದ್ದನ್ನೇ ಒತ್ತಿ ಹಾಡು ಎತ್ತಿದಳು. ಎರಡನೇ ಸಾಲಿಗೆ ಎಲ್ಲರ ಗಂಟಲೂ ಕಟ್ಟಿಕೊಂಡಿತು. ಇನ್ನೊಂದು ಪಕ್ಕದ್ದನ್ನು ಒತ್ತಿದಾಗ ದನಿಯೇ ಸೊರಗಿಹೋಯಿತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಸೋಮವಾರಕ್ಕೆ ನಾಲ್ಕೇ ದಿನ ಉಳಿದಿತ್ತು. ಸರ್ವಮಂಗಳ ಕೀಬೋರ್ಡಿಗೆ ಟವೆಲ್ಲು ಹೊದಿಸುತ್ತಾ, “ಹೋಗ್ಲಿ ಬುಡಿ. ಈ ಸಲ ಬರಾಕಾಗಲ್ಲ ಅಂತ ಮಠಕ್ಕೆ ಹೇಳ್ಬುಡ್ತೀನಿ,” ಎಂದಳು. ಬೈದಿದ್ದರೆ ನನಗೆ ಉತ್ತರ ಕೊಡುವುದು ಗೊತ್ತಿತ್ತು. ಅವಳು ಬೈಯಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆವಾಗಲೇ.

ಮಾರನೆಯ ದಿನ ನಾನೇ ಅವಳನ್ನು ಹೊರಡಿಸಿದೆ, ಇಬ್ಬರೂ ತುಮಕೂರಿಗೆ ಹೋದೆವು, ಕೀಬೋರ್ಡು ನನ್ನ ತೊಡೆಯ ಮೇಲೆ. ಅಂಗಡಿಯ ಹುಡುಗಿ ನನ್ನ ಸಹಿಯನ್ನು ತೋರಿಸಲಿಲ್ಲ, ಅದು ಅವಳ ದೊಡ್ಡತನ. ಹಿಂದಿನ ಕೋಣೆಯಲ್ಲಿ ರಿಪೇರಿ ಮಾಡುವವರು ಅಡಿಯ ಮುಚ್ಚಳ ಬಿಚ್ಚಿ ತಿರುಗಿಸಿದಾಗ, ಕಳಚಿಕೊಂಡಿದ್ದ ಒಂದು ಸ್ಕ್ರೂ ಟಣ್ ಎಂದು ಮೇಜಿಗೆ ಬಿತ್ತು. ನಾನು ಮೆಚ್ಚಿ ತಂದದ್ದು ಅದನ್ನೇ. ಅವರು ಅದನ್ನು ನನ್ನ ಅಂಗೈಯಲ್ಲಿಟ್ಟರು. ಯಾಕೆ ಇಟ್ಟರೋ ಗೊತ್ತಿಲ್ಲ, ನಾನು ಜೇಬಿಗೆ ಹಾಕಿಕೊಂಡೆ.

ಅಷ್ಟು ಹೊತ್ತಿಗೆ ಸರ್ವಮಂಗಳ ಬೇರೊಂದರ ಮುಂದೆ ಕೂತಿದ್ದಳು. ಅದೇ ಹಿಂದಿನ ಸಲ ನಾನು ಮೂಕ ಎಂದು ಕೆಳಗಿಟ್ಟದ್ದು. ಅದರಲ್ಲಿ ಹೆಲಿಕಾಪ್ಟರ್ ಇರಲಿಲ್ಲ, ಬೆಲೆಯೂ ಕಡಿಮೆ. “ನಿಮ್ಮ ಶ್ರುತಿ ಅಮ್ಮಾ?” ಎಂದಳು ಹುಡುಗಿ. “ಕಪ್ಪು ನಾಲ್ಕು,” ಎಂದಳು ಇವಳು, ಊರಿನ ಹೆಸರು ಹೇಳಿದಷ್ಟು ಸಲೀಸಾಗಿ. ಹಾರ್ಮೋನಿಯಂನವರು ಎಣಿಸುವಂತೆ ಕಪ್ಪು ಕೀಗಳಲ್ಲಿ ನಾಲ್ಕನೆಯದು. ನನ್ನ ಗಟಗಟ ಕೀಬೋರ್ಡಿನಲ್ಲಿ ಬಾಯಿ ಮುಚ್ಚಿಕೊಂಡಿದ್ದದ್ದು ಅದೇ. ಅವಳು ಎಡಗೈಯ ಒಂದು ಬೆರಳನ್ನು ಅದರ ಮೇಲಿಟ್ಟು ಒಂದು ವಚನ ಹಾಡಿದಳು. ಅರ್ಧದಲ್ಲಿ ಹುಡುಗಿಗೆ ಸನ್ನೆ ಮಾಡಿ ಕರೆಂಟು ತೆಗೆಸಿದಳು. ಸೆಲ್ಲಿನ ಮೇಲೆ ಶ್ರುತಿ ಹಾಗೆಯೇ ನಿಂತಿತು, ಇವಳೂ ನಿಲ್ಲಿಸಲಿಲ್ಲ. ಗಿಟಾರ್ ತಂತಿ ಕೊಳ್ಳಲು ಬಂದಿದ್ದ ಇಬ್ಬರು ತಂತಿ ಕೈಯಲ್ಲಿ ಹಿಡಿದೇ ನಿಂತುಬಿಟ್ಟರು. ರಿಪೇರಿಯವರು ಬಾಗಿಲಿಗೆ ಬಂದರು. ಅಷ್ಟು ತುಂಬಿದ, ಅಷ್ಟು ಮೇಲೆ ಹೋಗುವ ದನಿ ನಮ್ಮ ಮನೆಯದು ಎಂದು ನನಗೆ ಗುರುತೇ ಹತ್ತಲಿಲ್ಲ. ನನಗೆ ಹೆಮ್ಮೆಯಾಯಿತು. ಅದರ ಬೆನ್ನಿಗೇ ನಾಚಿಕೆಯೂ ಆಯಿತು. ನಾನು ತಂದದ್ದನ್ನು ವಾಪಸು ಕೊಟ್ಟು ಇದನ್ನು ಕೊಂಡದ್ದೂ ಸೇರಿ ಹತ್ತು ನಿಮಿಷದಲ್ಲಿ ವ್ಯಾಪಾರ ಮುಗಿಯಿತು. “ಅಮ್ಮ ಮೊದ್ಲೇ ಬಂದಿದ್ರೆ ಅವತ್ತೇ ಆಗೋಗ್ತಿತ್ತು,” ಎಂದಳು ಹುಡುಗಿ, ನನ್ನನ್ನು ನೋಡದೆ.

ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. “ಇಷ್ಟು ದೊಡ್ಡ ದನಿ ಇಟ್ಕೊಂಡಿದೀಯ, ನಾನು ಒಂದ್ ದಿನಾನೂ ಕೇಳಿಲ್ವಲ್ಲೇ?” ಎಂದೆ.

“ಮದುವೆಯಾದ ಹೊಸದ್ರಲ್ಲಿ ಹಿಂಗೇ ಹಾಡ್ತಿದ್ದೆ,” ಎಂದಳು. “ಒಂದಿನ ನೀವು ಅಡುಗೆಮನೆ ಬಾಗಿಲಿಗೆ ಬಂದು, ‘ಹಜಾರದಾಗೆ ಪಾರ್ಟಿ ಕೂತವ್ರೆ, ಸ್ವಲ್ಪ ಮೆತ್ತಗೆ ಕಣೇ’ ಅಂದ್ರಿ. ಮೆತ್ತಗೆ ಮಾಡ್ಕೊಂಡೆ.”

ದೂರಿದ ಹಾಗೆ ಹೇಳಲಿಲ್ಲ. ಗುಬ್ಬಿ ಸ್ಟಾಪು ಬಂತೇನೋ ಎಂದು ಕಿಟಕಿಯಾಚೆ ನೋಡುತ್ತಾ ಹೇಳಿದಳು. ನಾನು ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಆದರೆ ಅದು ನನ್ನದೇ ಮಾತು ಎಂಬುದರಲ್ಲಿ ಅನುಮಾನವಿಲ್ಲ, ದಿನಕ್ಕೆ ಹತ್ತು ಸಲ ಆಡುವ ಮಾತು. ಇಷ್ಟು ವರ್ಷದಲ್ಲಿ ನನ್ನ ಇನ್ಯಾವ ಮಾತನ್ನೂ ಅವಳು ಇಷ್ಟು ಚಾಚೂ ತಪ್ಪದೆ ನಡೆಸಿಕೊಂಡು ಬಂದದ್ದಿಲ್ಲ. ಕೊಬ್ಬರಿ ವ್ಯಾಪಾರಕ್ಕೆ ಬಂದ ಆ ಪಾರ್ಟಿ ಎದ್ದು ಹೋಗಿ ಮೂವತ್ತು ವರ್ಷವಾದರೂ, ಇನ್ನು ಜೋರಾಗಿ ಹಾಡಬಹುದು ಎಂದು ಒಳಗೆ ಹೋಗಿ ಹೇಳಿದವರಿಲ್ಲ. ಹೇಳಬೇಕಾದವನು ನಾನೇ.

ಹಾಲ್ಕುರಿಕೆಯಲ್ಲಿ ಹೆಂಗಸರು ಚೆನ್ನಾಗಿ ಹಾಡಿದರು. ಕೀಬೋರ್ಡು ಹೊತ್ತವನು ನಾನು, ಪ್ಲಗ್ ಹುಡುಕಿದವನೂ ನಾನೇ. ಅವತ್ತು ಕರೆಂಟು ಹೋಗಲೇ ಇಲ್ಲ, ಸೆಲ್ಲು ದಂಡವಾಯಿತಲ್ಲ ಎಂದು ವ್ಯಾಪಾರಿಯ ಮನಸ್ಸು ಒಂದು ಗಳಿಗೆ ಕೊರಗಿತು.

ಈಗ ದಿನಾ ಬೆಳಿಗ್ಗೆ ಹಜಾರದಲ್ಲೇ ಅಭ್ಯಾಸ ನಡೆಯುತ್ತದೆ, ಪೂರ್ತಿ ದನಿಯಲ್ಲಿ. ನಾನು ಮೂಲೆಯಲ್ಲಿ ಪಾರ್ಟಿಯನ್ನು ಕೂರಿಸಿಕೊಂಡು ಮೆತ್ತಗೆ ಮಾತಾಡುತ್ತೇನೆ. ಮೊನ್ನೆ ಚಿಕ್ಕನಾಯಕನಹಳ್ಳಿಯಿಂದ ಬಂದ ಒಬ್ಬರು ನಾನು ಹೇಳಿದ ಬೆಲೆ ಸರಿಯಾಗಿ ಕೇಳಿಸದೆ, ಮೂರು ಸಲ ಏನು ಏನು ಎಂದು ಕೇಳಿ, ಬೇಸತ್ತು ಎದ್ದು ಹೋದರು. ಒಳ್ಳೆಯ ವ್ಯಾಪಾರ, ಕೈತಪ್ಪಿತು. ಇದನ್ನು ನಿಮಗೆ ಹೇಳಿದ್ದೇನೆ, ಅವಳಿಗೆ ಹೇಳಿಲ್ಲ.