ನಾನೂರು ವ್ಯಾಟಿನ ಮೌನ

ನನ್ನ ಚಿಗವ್ವ, ಅಂದರೆ ಅವ್ವನ ಬೆನ್ನಿಗೆ ಹುಟ್ಟಿದ ತಂಗಿ, ನಾಲ್ಕು ತಿಂಗಳು ಕಷ್ಟಪಟ್ಟು ಏನೂ ಕೇಳಿಸದ ಒಂದು ಆಂಪ್ಲಿಫೈಯರ್ ಕಟ್ಟಿದಳು. ಕೇಳಿಸದೆ ಇರುವುದೇ ಅದರ ಹೆಚ್ಚುಗಾರಿಕೆ ಎಂದು ಸವಣೂರಿನ ಅರ್ಧ ಊರಿಗೆ ಹೇಳಿಕೊಂಡು ಬಂದಳು. ನಾನು ಹಿರೇಕೆರೂರಿನ ಕಡೆ ಹೊಲ ಅಳೆಯುವ ಕೆಲಸದವನು. ಅಳತೆ ಎಲ್ಲಿಗೆ ಮುಟ್ಟಿತೋ ಅಲ್ಲಿಗೆ ಕಲ್ಲು ನೆಡಿಸುವವನು. ಒಂದು ಗೇಣು ಆಚೆ ಹೇಳಿ ಅಭ್ಯಾಸವಿಲ್ಲ. ಆದ್ದರಿಂದ ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ತಿಳಿಯದ್ದನ್ನು ತಿಳಿಯಲಿಲ್ಲ ಎಂದೇ ಬರೆಯುತ್ತೇನೆ. ಈ ಎರಡನೆಯ ಭಾಗವೇ ಜಾಸ್ತಿ ಇದೆ, ಓದುವವರು ಕ್ಷಮಿಸಬೇಕು.

ನಾನೂ ಅವ್ವನೂ ಇರುವುದು ಹಂಸಭಾವಿಯಲ್ಲಿ. ನಮ್ಮ ಓಣಿಯ ಬಸವಣ್ಣನ ಗುಡಿಯಲ್ಲಿ ಹೆಣ್ಣುಮಕ್ಕಳ ಭಜನಾ ಮೇಳವೊಂದಿದೆ. ನನಗೆ ಬುದ್ಧಿ ಬಂದಾಗಿನಿಂದ ಅದರ ತಾಳ ಅವ್ವನ ಕೈಯಲ್ಲಿದೆ. ತಾಳ ಹಿಡಿದವರು ಮೊದಲು ಸೊಲ್ಲು ಎತ್ತಬೇಕು, ಉಳಿದವರು ಅದನ್ನು ಹಿಂದಿನಿಂದ ಹಿಡಿದುಕೊಳ್ಳಬೇಕು. ಹೋದ ವರ್ಷ ಅವ್ವನ ಗಂಟಲಿನಲ್ಲಿ ಗಂಟಾಗಿ ಆಪರೇಷನ್ ಮಾಡಿಸಿದೆವು. ಗಂಟು ಹೋಯಿತು. ದನಿಯೂ ಮುಕ್ಕಾಲು ಪಾಲು ಅದರ ಜೊತೆಗೇ ಹೋಯಿತು. ಮೊಳಕಾಲಿಗೆ ಮೊಳಕಾಲು ಹಚ್ಚಿ ಕುಳಿತವರಿಗೆ ಕೇಳಿಸುವಷ್ಟು ಉಳಿಯಿತು. ಬಾಡಿಗೆ ಮೈಕ್ ಸೆಟ್ಟಿನವನು ಪಾಪ, ಗುಂಡಿಯನ್ನು ತಿರುಗುವಷ್ಟೂ ತಿರುಗಿಸಿ ನೋಡಿದ.

"ಅವ್ವಾರ, ನಿಮ್ಮ ದನಿ ಏರಿಸಿದ್ರ ಸೆಟ್ಟಿನ ಗುಂಯ್ ಅನ್ನೂದೂ ಏರತೈತ್ರಿ. ಅದರಾಗ ನೀವು ಮುಳುಗಿ ಹೊಕ್ಕೀರಿ. ಬ್ಯಾರೆ ಯಾರರ ಹಾಡ್ಲಿ ಬಿಡ್ರಿ."

ಅವ್ವ ತಾಳವನ್ನು ಬಟ್ಟೆಯಲ್ಲಿ ಸುತ್ತಿ, ಶ್ರಾವಣದ ಕಡೆಯ ಸೋಮವಾರ ಅದನ್ನು ಮೇಳದ ಇನ್ನೊಬ್ಬಳ ಕೈಗೆ ಕೊಡುತ್ತೇನೆ ಎಂದಳು. ಫೋನಿನಲ್ಲಿ ಆಕೆಯ ದನಿ ಕೇಳಿಸದ ಕಾರಣ ಚಿಗವ್ವನಿಗೆ ಅದನ್ನು ನಾನೇ ಹೇಳಬೇಕಾಯಿತು.

"ಶ್ರಾವಣಕ್ಕ ಎಷ್ಟ ದಿನ ಐತಿ?" ಎಂದಳು.

"ನಾಕ ತಿಂಗಳ ಐತಿ."

"ತಾಳ ಯಾರ ಕೈಯಾಗೂ ಕೊಡಬ್ಯಾಡಂತ ಹೇಳು. ನಾ ಸೆಟ್ ಕಟ್ಟತೇನಿ."

ಚಿಗವ್ವನಿಗೆ ತಂತಿಯ ಕೆಲಸ ಹೊಸದಲ್ಲ. ಸವಣೂರಿನ ಅವರ ಮನೆಯ ಮುಂದಿನ ಖೋಲಿಯೇ ನೀರೆತ್ತುವ ಮೋಟಾರು ರಿಪೇರಿ ಮಾಡುವ ಅಂಗಡಿ. ಕಾಕಾ, ಎಂದರೆ ಆಕೆಯ ಗಂಡ, ಸುಟ್ಟ ಮೋಟಾರು ಬಿಚ್ಚುತ್ತಾನೆ. ಈಕೆ ತಾಮ್ರದ ತಂತಿ ಸುತ್ತುತ್ತಾಳೆ. ಉಳಿದದ್ದನ್ನು ಫೋನಿನ ವಿಡಿಯೋ ನೋಡಿ ಕಲಿತಳು. ಅದರಲ್ಲಿ ಹೇಳಿಕೊಡುವವನು ಯಾವ ದೇಶದವನೋ, ಅವನ ಭಾಷೆ ಆಕೆಗೆ ಒಂದಕ್ಷರ ಬಾರದು. ಹಾಗಾದರೆ ಹೇಗೆ ತಿಳಿಯುತ್ತದೆ ಎಂದು ಕೇಳಿದೆ. "ಅವನ ಬಾಯಿ ಬಂದ್ ಮಾಡಿ ಕೈ ಅಷ್ಟ ನೋಡತೇನಿ. ಕೈ ಸುಳ್ಳ ಹೇಳೂದಿಲ್ಲ," ಎಂದಳು.

ನಾನು ಮೊದಲ ಸಲ ನೋಡಲು ಹೋದಾಗ ಆಕೆ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುತ್ತಿದ್ದಳು. ಮೋಟಾರಿಗೆ ಸುತ್ತು ಎಣಿಸುವ ಯಂತ್ರವಿದೆ. ಇದೋ, ಬಳೆಯಂಥ ಕಬ್ಬಿಣದ ಉಂಗುರ. ತಂತಿಯನ್ನು ಕೈಯಿಂದಲೇ ತೂರಿಸಬೇಕು, ಬಾಯಿಂದಲೇ ಎಣಿಸಬೇಕು.

"ಆರಾಮ ಇದ್ದೀಯೇನು ಚಿಗವ್ವಾ?" ಎಂದೆ.

"ನೂರಾ ಎಂಬತ್ತಾರು," ಎಂದಳು.

"ಅವ್ವ ಕೇಳ್ಯಾಳ ನಿನ್ನ."

"ನೂರಾ ಎಂಬತ್ತೇಳು."

ಕಾಕಾ ನನ್ನ ತೋಳು ಹಿಡಿದು ಹೊರಗಿನ ಕಟ್ಟೆಗೆ ಕರೆದೊಯ್ದ. "ನಿನ್ನೆ ನಾ ಒಂದ ಸಲ ಸೀನಿದ್ನೆಪಾ. ಮುನ್ನೂರ ಸುತ್ತು ಬಿಚ್ಚಿ ಮತ್ತ ಶುರು ಮಾಡ್ಯಾಳ. ಈಗ ನೀ ಆರಾಮ ಕೇಳಿದಿ. ಇವತ್ತ ಊಟ ಇಲ್ಲಂತ ತಿಳಕೋ."

ಆಮೇಲೆ ಆಕೆ ಒಂದು ಉಪಾಯ ಮಾಡಿದಳು. ಪಕ್ಕದಲ್ಲಿ ಒಂದು ಮುಷ್ಟಿ ಜೋಳ ಇಟ್ಟುಕೊಂಡು, ಹತ್ತು ಸುತ್ತಿಗೆ ಒಂದು ಕಾಳನ್ನು ಬೇರೆ ತಟ್ಟೆಗೆ ಹಾಕುವುದು. ಇನ್ನು ಯಾರು ಸೀನಿದರೂ ಲೆಕ್ಕ ತಪ್ಪದು. ಸೀನುವವರನ್ನಷ್ಟೇ ಆಕೆ ಲೆಕ್ಕಕ್ಕೆ ಹಿಡಿದಿದ್ದಳು. ನೀರು ಕುಡಿಯಲು ಒಳಗೆ ಹೋಗಿ ಬರುವಷ್ಟರಲ್ಲಿ ಪಕ್ಕದ ಮನೆಯ ಕೋಳಿ ತಟ್ಟೆಯ ಮುಂದೆ ನಿಂತಿತ್ತು. ತಟ್ಟೆಯಲ್ಲಿ ಎರಡು ಕಾಳು ಉಳಿದಿದ್ದವು.

"ನಿಮ್ಮ ಕೋಳಿ ನನ್ನ ಮುನ್ನೂರ ಸುತ್ತ ತಿಂದೈತಿ," ಎಂದು ಚಿಗವ್ವ ಗೋಡೆಯಾಚೆ ಹೇಳಿದಳು.

"ನಮ್ಮ ಕೋಳಿ ತಂತಿ ತಿನ್ನೂದಿಲ್ರಿ," ಎಂದು ಆಚೆಯಿಂದ ಉತ್ತರ ಬಂತು.

ಮುನ್ನೂರೋ, ಇನ್ನೂರಾ ತೊಂಬತ್ತೋ? ಮುಷ್ಟಿಯಲ್ಲಿ ಮೊದಲು ಎಷ್ಟು ಕಾಳಿದ್ದವೆಂದು ಯಾರೂ ಎಣಿಸಿರಲಿಲ್ಲ. ಕೋಳಿಯನ್ನು ಕೇಳುವಂತಿರಲಿಲ್ಲ. ಅಷ್ಟನ್ನೂ ಬಿಚ್ಚಿದಳು. ಬೇಕಿದ್ದ ನಾನೂರಾ ಐವತ್ತು ಸುತ್ತು ಮುಗಿದದ್ದು ಮರುವಾರ, ಬಾಗಿಲು ಹಾಕಿಕೊಂಡು.

ನಾನು ಒಂದು ಮಾತು ಕೇಳಲೇಬೇಕಿತ್ತು, ಕೇಳಿದೆ. ಅವ್ವನ ದನಿ ಇರುವುದೇ ಇಷ್ಟು. ಅದಕ್ಕೆ ನಾನೂರು ವ್ಯಾಟಿನ ಸೆಟ್ಟು ಯಾಕೆ? ಒಂದು ಬುಟ್ಟಿ ಎಲೆ ಸಾಗಿಸಲು ಲಾರಿ ತಂದಂತಾಗಲಿಲ್ಲವೆ?

"ಲಾರಿನ ಬೇಕು. ಸಣ್ಣ ಗಾಡಿ ಆದ್ರ ಏರಿನ್ಯಾಗ ಏದತೈತಿ. ಅದು ಏದೂದನ್ನ ನಾವು ಕೇಳಬೇಕೋ, ಅಕ್ಕನ ಪದಾ ಕೇಳಬೇಕೋ?"

ಸರಿ ಎನಿಸಿತು. ಬಸ್ಸಿನಲ್ಲಿ ವಾಪಸು ಬರುವಾಗ ಮತ್ತೆ ಸರಿ ಎನಿಸಲಿಲ್ಲ.

ಮೊದಲ ಸಲ ಕರೆಂಟು ಕೊಟ್ಟ ದಿನ ನಾನು ಅಲ್ಲಿದ್ದೆ. ನೇರವಾಗಿ ಕೊಡುವಂತಿಲ್ಲವಂತೆ, ನಡುವೆ ಒಂದು ಹಳೆಯ ಬಲ್ಬು ಜೋಡಿಸಬೇಕಂತೆ. ಸ್ವಿಚ್ಚು ಒತ್ತಿದಳು. ಬಲ್ಬು ಝಗ್ಗನೆ ಹೊತ್ತಿಕೊಂಡಿತು. ನಾನು ಸಂತೋಷದಿಂದ, "ಹತ್ತಿತು," ಎಂದೆ. ಚಿಗವ್ವ ತಲೆಯ ಮೇಲೆ ಕೈಹೊತ್ತು ಕುಳಿತಳು. ಬಲ್ಬು ಹತ್ತಿದರೆ ಒಳಗೆ ಎಲ್ಲೋ ಕೆಟ್ಟಿದೆ ಎಂದರ್ಥವಂತೆ. ಹತ್ತಿ ಆರಿದರೆ ಎಲ್ಲ ಸರಿಯಿದೆ ಎಂದಂತೆ. ಬೆಳಕಾದರೆ ಅಳುವುದು, ಕತ್ತಲಾದರೆ ನಗುವುದು. ಮೂರನೆಯ ಸಲ ಬಲ್ಬು ಮಿಣ್ಣನೆ ಮಿಣುಕಿ ಆರಿತು. ಅಂದು ಮನೆಯಲ್ಲಿ ಶಿರಾ ಮಾಡಿದರು. ನಾನು ತಿಂದೆ, ಯಾಕೆಂದು ಕೇಳಲಿಲ್ಲ.

ಆಂಪ್ಲಿಫೈಯರಿನ ಬೆನ್ನಿಗೆ ಅಲ್ಯುಮಿನಿಯಮ್ಮಿನ ಒಂದು ದಪ್ಪ ಹಲಗೆ ಇರುತ್ತದೆ, ಒಳಗಿನ ಕಾವನ್ನು ಹೊರಗೆ ಬಿಡಲು. ಅದು ಹೆಚ್ಚು ಕಾಯಬಾರದು. ಕಾದಿದೆಯೋ ಇಲ್ಲವೋ ಎಂದು ನೋಡಲು ಚಿಗವ್ವ ಏನು ಮಾಡಿದಳು? ತಂಬಿಗೆಯಲ್ಲಿ ಬೆರಳು ಅದ್ದಿ, ರೊಟ್ಟಿ ಹಂಚಿಗೆ ಚಿಮುಕಿಸಿದ ಹಾಗೆ ಅದಕ್ಕೆ ನೀರು ಚಿಮುಕಿಸಿದಳು. ಚುಂಯ್ ಎಂದಿತು. ಆಮೇಲೆ ಫಟ್ ಎಂದಿತು. ನಾನು ಬಾಗಿಲ ಹಿಂದಿದ್ದೆ. ಯಾವಾಗ ಹೋದೆನೋ ನನಗೆ ನೆನಪಿಲ್ಲ. ಕಾಕಾ ಮೇನ್ ಸ್ವಿಚ್ಚು ಕಿತ್ತು, ಸೊಂಟಕ್ಕೆ ಕೈಕೊಟ್ಟು ನಿಂತಿದ್ದ.

"ಕರೆಂಟಿಗೆ ಯಾರರ ನೀರ ಹಾಕತಾರೇನ?"

"ಮೂವತ್ತ ವರ್ಷ ಹಂಚಿಗೆ ನೀರ ಚಿಮುಕ್ಸೇನಿ. ಒಂದರ ಹಂಚು ನನ್ನ ಹೊಡದೈತೇನು?"

ಎರಡು ಟ್ರಾನ್ಸಿಸ್ಟರು ಸುಟ್ಟಿದ್ದವು. ಆಕೆಗೆ ಏನೂ ಆಗಿರಲಿಲ್ಲ. ಅಂದಿನಿಂದ ತಂಬಿಗೆ ಅಡಿಗೆಮನೆ ದಾಟಬಾರದೆಂದು ಕಾಕಾ ಕಟ್ಟಪ್ಪಣೆ ಮಾಡಿದ.

ಕಡೆಗೆ ಉಳಿದದ್ದು ಗುಂಯ್ ಸದ್ದು. ಬಾಡಿಗೆ ಸೆಟ್ಟಿನಲ್ಲಿದ್ದ ಅದೇ ಗುಂಯ್, ಈಕೆಯ ಸೆಟ್ಟಿನಲ್ಲೂ ಬಂದು ಕುಳಿತಿತ್ತು. ಒಂದು ತಿಂಗಳು ಆಕೆ ಅದನ್ನು ಹುಡುಕಿದಳು. ಪೆಟ್ಟಿಗೆ ತಿರುವಿದಳು, ತಂತಿ ಹೊಸೆದಳು, ಕಾಕಾನ ಫೋನು ಹೊರಗೆ ಇಡಿಸಿದಳು. ಕೊನೆಗೆ ಒಳಗಿನ ಅರ್ಥಿಂಗ್ ತಂತಿಗಳನ್ನೆಲ್ಲ ಬಿಚ್ಚಿ, ಒಂದೇ ಬೋಲ್ಟಿಗೆ ತಂದು ಬಿಗಿದಳು. "ಎಲ್ಲಾರೂ ಒಂದ ಕಟ್ಟಿ ಮ್ಯಾಲ ಬಂದು ಕುಂದ್ರಬೇಕು. ಎರಡ ಕಟ್ಟಿ ಆದ್ರ ಗುಸುಗುಸು ಶುರು ಆಗತೈತಿ," ಎಂದಳು. ಗುಂಯ್ ನಿಂತಿತು.

ಮರುದಿನ ಮಧ್ಯಾಹ್ನ ಓಣಿಯವರನ್ನು ಕರೆದಳು. ಜನ ಒಳ್ಳೆಯ ಹಾಡು ಕೇಳುವ ಆಸೆಯಿಂದ ಚಾಪೆ ತಂದು ಕುಳಿತರು. ಚಿಗವ್ವ ಮೈಕು ಜೋಡಿಸದೆಯೇ ಗುಂಡಿಯನ್ನು ಪೂರ್ತಿ ತಿರುಗಿಸಿ, ಕೈಕಟ್ಟಿ ನಿಂತಳು. ಒಂದು ನಿಮಿಷವಾಯಿತು. ಎರಡಾಯಿತು.

"ಏನರ ಕೇಳಸ್ತೇನ್ರಿ?"

"ಇಲ್ಲಲ್ಲವಾ."

"ಏನೂ?"

"ಏನೂ ಇಲ್ಲ."

ಆಕೆಯ ಮುಖ ಅರಳಿತು. "ಈಗ ಮನಿಗೆ ನಡೀರಿ," ಎಂದಳು. ಜನ ಚಾಪೆ ಸುತ್ತಿಕೊಂಡು ಎದ್ದರು. ಒಬ್ಬ ಅಜ್ಜ ನನ್ನ ಪಕ್ಕದಲ್ಲಿ ಹೋಗುತ್ತ ಮೆಲ್ಲಗೆ ಕೇಳಿದ: "ತಮ್ಮಾ, ನಿನಗರ ಕೇಳಸ್ತೇನು? ನನ್ನ ಕಿವಿನ ಹೋತೋ ಏನೋ ಅಂತ ಅಂಜಿಕಿ ಆಗೇತಿ."

ಶ್ರಾವಣದ ಕಡೆಯ ಸೋಮವಾರ ಆ ಪೆಟ್ಟಿಗೆ ಬಸ್ಸು ಬದಲಿಸಿ ಹಂಸಭಾವಿಗೆ ಬಂತು. ನಾನೂ ಕಾಕಾನೂ ಹೊತ್ತೆವು. ಸ್ಪೀಕರುಗಳನ್ನು ಗುಡಿಯ ಹೊರಗೆ, ಓಣಿಗೆ ಮುಖ ಮಾಡಿ ಇಟ್ಟೆವು. ಹೆಂಗಸರು ಸೇರಿದರು. ಅವ್ವ ಸುತ್ತಿಟ್ಟ ಬಟ್ಟೆಯಿಂದ ತಾಳ ತೆಗೆದಳು, ಆದರೆ ಬೆರಳಿಗೆ ಹಾಕಿಕೊಳ್ಳಲಿಲ್ಲ. ಇನ್ನೊಬ್ಬಳಿಗೆ ಕೊಡಲಿಕ್ಕೆಂದು ತೊಡೆಯ ಮೇಲೆ ಇಟ್ಟುಕೊಂಡಳು. ಚಿಗವ್ವ ಮೈಕನ್ನು ಆಕೆಯ ಬಾಯಿಯ ಹತ್ತಿರ ತಂದು ನಿಲ್ಲಿಸಿ, ಸ್ವಿಚ್ಚು ಒತ್ತಿದಳು. ಸದ್ದಿಲ್ಲ. ಮೈಕು ಅಂದರೆ ಮೊದಲು ಗುಂಯ್ ಅನ್ನಬೇಕು ಎಂದು ನಮಗೆಲ್ಲ ರೂಢಿ. ಇದು ಶುರುವಾಗಿಲ್ಲ ಎಂದೇ ಎಲ್ಲರೂ ತಿಳಿದೆವು. ಅವ್ವನೂ ಹಾಗೇ ತಿಳಿದಳು. ತಂಗಿಯ ಕಡೆ ಸ್ವಲ್ಪ ಬಾಗಿ, ಆಕೆಗಷ್ಟೇ ಹೇಳಿದಳು:

"ಶುರು ಆಗವಲ್ದಲ್ಲ, ಛಲೋ ಆತು ಬಿಡು. ಮಶೀನ ಕೆಟ್ಟೈತಿ ಅಂತ ಹೇಳಿಬಿಡು. ನನ್ನ ದನಿ ಹೋಗೇತಿ ಅಂತ ಇವರ ಮುಂದ ಹೇಳಾಕ ನನಗ ನಾಚಿಕಿ ಆಗತೈತಿ."

ಅದು ಗುಡಿಯ ಒಳಗೆ ಕೇಳಿಸಿತು. ಹೊರಗಿನ ಕಟ್ಟೆಗೆ ಕೇಳಿಸಿತು. ಓಣಿಯ ತುದಿಯಲ್ಲಿ ಕೊಡ ತುಂಬುತ್ತಿದ್ದವರು ನಲ್ಲಿ ನಿಲ್ಲಿಸಿದರು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ತನ್ನ ದನಿ ಅಷ್ಟು ದೊಡ್ಡದಾಗಿ ಹೊರಟದ್ದನ್ನು ಆಕೆ ಕೇಳಿ ಒಂದು ವರ್ಷವಾಗಿತ್ತು. ದನಿ ತೆಳುವಾಗಿಯೇ ಇತ್ತು, ನಡುನಡುವೆ ಬಿರಿದಿತ್ತು. ಆದರೆ ಅದರ ಸುತ್ತ ಬೇರೆ ಏನೂ ಇರಲಿಲ್ಲ.

"ಇಲ್ಲೀತನ ಕೇಳಸ್ತು ನೋಡಕ್ಕಾ," ಎಂದು ನಲ್ಲಿಯ ಹತ್ತಿರದಿಂದ ಯಾರೋ ಕೂಗಿದರು. "ಹಾಡು ನೀ."

ಅವ್ವ ಬಹಳ ಹೊತ್ತು ತೊಡೆಯ ಮೇಲಿನ ತಾಳ ನೋಡಿದಳು. ಆಮೇಲೆ ಬೆರಳಿಗೆ ಹಾಕಿಕೊಂಡಳು. ಸೊಲ್ಲು ಎತ್ತಿದಳು.

ಹಿಂದಿನಿಂದ ಹಿಡಿದುಕೊಳ್ಳಬೇಕಾದ ಹೆಂಗಸರು ಹಿಡಿದುಕೊಳ್ಳಲಿಲ್ಲ. ಅವರು ಆಕೆಯನ್ನೇ ನೋಡುತ್ತ ಕುಳಿತುಬಿಟ್ಟಿದ್ದರು. ಪದ ಅಲ್ಲಿಗೇ ನಿಲ್ಲುತ್ತದೆ ಎನ್ನುವಾಗ ಪೆಟ್ಟಿಗೆಯ ಹಿಂದಿನಿಂದ ಒಂದು ದನಿ ಬಂತು. ಚಿಗವ್ವ. ಹುಟ್ಟಿದಾಗಿನಿಂದ ಆಕೆಗೆ ರಾಗ ಹತ್ತಿಲ್ಲ. ಚಿಕ್ಕವಳಿದ್ದಾಗ ಆಕೆಯನ್ನು ಯಾವ ಮೇಳದಲ್ಲೂ ಕೂರಿಸಿಕೊಂಡೇ ಇರಲಿಲ್ಲವಂತೆ. ರಾಗ ಎಲ್ಲಿಗೋ ಹೋಗುತ್ತಿತ್ತು, ಪದ ಹಿಂದೆ ಬೀಳುತ್ತಿತ್ತು. ಅವ್ವ ತಿರುಗಿ ನೋಡಲಿಲ್ಲ. ತಾಳವನ್ನು ನಿಧಾನ ಮಾಡಿ, ತಂಗಿ ಬಂದು ಸೇರುವವರೆಗೆ ಕಾದಳು.