ಉಪ್ಪು, ಇದ್ದಿಲು ಮತ್ತು ಆಯಿಯ ಬಿಸಿನೀರ ತೊಟ್ಟಿ

ಕರೆಂಟಿನ ಕೆಲಸದಾಗ ನಗೋ ಪ್ರಸಂಗ ಆಗ್ತನೇ ಇರ್ತಾವ. ನಾ ಜೋಡಿಗಿದ್ರ ಸ್ವಲ್ಪ ಜಾಸ್ತಿ ಆಗ್ತಾವ ಅಂತ ನಮ್ಮ ಸೋದರಮಾವ ಅಂತಾನ. ಅವ ವಾಡಿ ಊರಾಗ ವೈರಿಂಗ್ ಮಿಸ್ತ್ರಿ. ನಾ ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟು ಅವನ ಕೈಕೆಳಗ ಬಂದವ. ಮಂದೀನ ನಗಸೋದು ನನ್ನ ಚಟ. ಒಂದು ಸಲ ಮಾತ್ರ ಆ ಚಟ ಒಬ್ಬರ ಜೀವಕ್ಕೇ ಬರೋದಿತ್ತು.

೧. ಎರಡು ಏಟು

ಶಹಾಬಾದಿನ ಒಂದು ಮನ್ಯಾಗ ಬೋರ್ಡ್ ಬಿಚ್ಚಿದ್ವಿ. ಮೇನ್ ಸ್ವಿಚ್ ಬಂದ್ ಇತ್ತು. ನಾ ಸುಮ್ನ ವೈರ್ ಹಿಡಕೊಂಡು, ಕಣ್ಣು ಮ್ಯಾಲ ಮಾಡಿ ಗಡಗಡ ನಡುಗಿದೆ. ಶಾಕ್ ಹೊಡದವರನ್ನ ಕೈಲೆ ಮುಟ್ಟಬಾರದಲ್ಲ, ಮಾವ ಒಣ ಬಡಿಗಿ ತಂದು ಮುಂಗೈಗೆ ಒಂದು ಕೊಟ್ಟ. ನಾ ನಕ್ಕೆ. ಇನ್ನೊಂದು ಕೊಟ್ಟ.

“ಮತ್ಯಾಕ ಮಾವಾ?”

“ಮೊದಲನೇದು ಕರೆಂಟಿಗೆ, ಇದು ನಿನಗ.”

೨. ದೃಷ್ಟಿ

ಚಂದ್ರಂಪಳ್ಳಿ ಕಡೆ ಒಬ್ಬರು ತಮ್ಮ ಹೊಲದ ಮನಿ ಅಂಗಳದಾಗ ಬಿಸಿನೀರಿನ ತೊಟ್ಟಿ ಕೂಡಿಸಿದ್ರು. ನಮ್ಮ ಬಿಸಲಾಗ ಕೊಡದ ನೀರು ತಾನೇ ಕಾಯ್ತದ. ಆದ್ರ ಅವರ ತಾಯಿಗೆ ಮೊಳಕಾಲು ನೋವು, ಹೀಟರು, ಮೋಟರು ಎಲ್ಲಾ ಇದ್ದ ತೊಟ್ಟೀನೇ ಬೇಕಾಗಿತ್ತು. ಆ ತಾಯಿಗೆ ಎಲ್ಲಾರೂ ಆಯಿ ಅಂತಿದ್ರು.

“ಕರೆಂಟ್ ಸೋರಿದ್ರ ಮಂದಿ ಮೈಯಾಗ ಹೋಗಬಾರದು, ತಂತಿ ಹಿಡಕೊಂಡು ನೆಲಕ್ಕ ಹೋಗಬೇಕು. ಅರ್ಥಿಂಗ್ ಆಗೋತನಕ ಯಾರೂ ನೀರಿಗಿಳೀಬಾರದು. ಆಯಿಗೆ ತಿಳಿಸಿ ಹೇಳು,” ಅಂತ ಹೇಳಿ ಮಾವ ತಾಮ್ರದ ತಂತಿ ತರ್ಲಿಕ್ಕೆ ಚಂದಾಪುರಕ್ಕ ಹೋದ. ಮಣ್ಣು ಕರೆಂಟ್ ಚಲೋ ಎಳಕೊಳ್ಳಲಿ ಅಂತ ನಾ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಸುರೀಲಿಕತ್ತಿದ್ದೆ.

“ಇದೇನೋ ತಮ್ಮಾ, ಉಪ್ಪು ಮಣ್ಣಾಗ ಹಾಕ್ಲಿಕತ್ತಿ?”

“ತೊಟ್ಟಿಗೆ ದೃಷ್ಟಿ ತಗೀಲಿಕತ್ತೀನ್ರಿ ಆಯಿ. ಭಾಳ ಮಂದಿ ಕಣ್ಣು ಬಿದ್ದದ.”

ಆಯಿ ಒಳಗ ಹೋಗಿ ನಿಂಬಿಹಣ್ಣು, ಒಣಮೆಣಸಿನಕಾಯಿ ತಂದು ತಾವೇ ಗುಂಡಿಗೆ ಹಾಕಿದ್ರು.

“ಮುಖ್ಯದ್ದೇ ಮರತಿದ್ದಿ ನೋಡು.”

೩. ತೊಟ್ಟಿ

ನಗೋ ಗದ್ದಲದಾಗ ಮಾವ ಹೇಳಿದ್ದು ಆಯಿಗೆ ಹೇಳಲೇ ಇಲ್ಲ. ನೀರು ಕುಡದು ಹೊರಗ ಬರ್ತೀನಿ, ಹೀಟರ್ ಚಾಲೂ, ಆಯಿ ತೊಟ್ಟಿಗೆ ಕಾಲು ಎತ್ಯಾರ. ಅರ್ಥಿಂಗ್ ತಂತಿ ಇನ್ನೂ ಚಂದಾಪುರದಾಗ ಅದ.

“ಆಯಿ, ಇಳೀಬ್ಯಾಡ್ರಿ, ಕರೆಂಟ್ ಹೊಡೀತದ.”

“ಹೋಗೋ, ದೃಷ್ಟಿ ತಗದಾಗ್ಯಾದ. ನೀನೇ ಹೇಳಿದಿ.”

ಓಡಿಹೋಗಿ ಮೇನ್ ಕೆಳಗ ಎಳದೆ. ತಿರುಗಿ ನೋಡೋದ್ರಾಗ ಆಯಿ ಮೊಳಕಾಲತನ ನೀರಾಗ ಇದ್ರು. ಏನೂ ಆಗಿರಲಿಲ್ಲ. ಮತ್ತ ಯಾರೂ ಚಾಲೂ ಮಾಡಬಾರದು ಅಂತ ನಾ ಮೇನ್ ಹತ್ರನೇ ಕುಂತೆ.

ಮಾವ ಬಂದ ಕೂಡಲೇ ಎಲ್ಲಾ ಹೇಳಿದೆ. ಅವ ಬೈಲಿಲ್ಲ. ನನ್ನ ಕೈಯಾಗಿನ ಟೆಸ್ಟರ್ ಇಸಗೊಂಡು ಕಿಸೆದಾಗ ಇಟಗೊಂಡ. “ಹೋಗಿ ಆಯಿಗೆ ಖರೇ ಹೇಳು,” ಅಂದ. ಬೈದಿದ್ರ ಚಲೋ ಇತ್ತು. ತಲಿ ಕೆಳಗ ಹಾಕಿ ಆಯಿಗೆ ಹೇಳಿದೆ.

ಸಂಜಿಗೆ ಮಾವ ತಂತಿ ಕಟ್ಟಿ, ಮೀಟರ್ ಹಚ್ಚಿ, ಕರೆಂಟ್ ಸೋರಿದ್ರ ತಾನೇ ಬಂದ್ ಆಗೋ ಟ್ರಿಪ್ ಸ್ವಿಚ್ಚೂ ಒತ್ತಿ ನೋಡಿ, “ಇನ್ನ ಕುಂದ್ರಿ ಆಯಿ,” ಅಂದ.

ಆಯಿ ನನ್ನ ಕಡಿ ಬೆರಳು ಮಾಡಿದ್ರು. “ಮೊದಲು ಇವ ಕುಂದ್ರಲಿ.”

ಅಂಗಿ ಸಮೇತ ಕುಂತೆ.

“ಹೆಂಗದ?”

“ಕರೆಂಟ್ ಇಲ್ರಿ ಆಯಿ, ನೀರು ಭಾಳ ಸುಡ್ಲಿಕತ್ತದ.”

“ಸುಡ್ಲಿ. ನಾ ಮೊಳಕಾಲಿಗೆ ಎಣ್ಣಿ ಹಚಗೊಂಡು ಬರ್ತೀನಿ. ಅಲ್ಲೀತನಕ ಏಳಬ್ಯಾಡ.”

ಎರಡು ಮೊಳಕಾಲಿಗೆ ಎಣ್ಣಿ ಹಚ್ಚಲಿಕ್ಕೆ ಆಯಿಗೆ ಒಂದು ತಾಸು ಹಿಡೀತು.