ಹತ್ತು ಸೆಕೆಂಡಿನ ಹನಿ

ನನ್ನ ಅಕ್ಷರ ಸೊಟ್ಟ. ಮೂರನೆಯ ತರಗತಿಯ ಮೇಲೆ ಶಾಲೆ ಕಂಡವಳಲ್ಲ. ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಹತ್ತೊಂಬತ್ತು ವರ್ಷ ಕಚೇರಿಯ ಕಡತ ಹೊತ್ತಿದ್ದರಿಂದ ಆ ಬಗೆಯ ಮಾತು ಮಾತ್ರ ಅಲ್ಪಸ್ವಲ್ಪ ಬರುತ್ತದೆ. ಓದುವವರು ಬೇಸರಿಸಬಾರದು.

೧೯೮೮ನೆಯ ಇಸವಿಯಲ್ಲಿ ಗವಿಪುರದ ನಮ್ಮ ಗಲ್ಲಿಗೆ ಸಾರ್ವಜನಿಕ ನಲ್ಲಿಯೊಂದು ಮಂಜೂರಾಗಿ, ಜೋಡಣೆಯಾಗಿ, ಗೋಣಿತಟ್ಟು ಸುತ್ತಿ ಮೊಹರು ಮಾಡಲ್ಪಟ್ಟಿತು. ನೀರನ್ನು ಮಿತವಾಗಿ ಬಳಸುವ ಬಗೆಯನ್ನು ಚಲಿಸುವ ಚಿತ್ರದ ಮೂಲಕ ಜನರಿಗೆ ತಿಳಿಸುವ ಮೊದಲು ಯಾವ ಹೊಸ ನಲ್ಲಿಯನ್ನೂ ತೆರೆಯತಕ್ಕದ್ದಲ್ಲವೆಂದು ನಿಯಮವಿತ್ತು. ಚಿತ್ರ ತಯಾರಿಸುವ ಹೊಣೆ ಚಾಮರಾಜಪೇಟೆಯ ನಮ್ಮ ಜಲಪ್ರಚಾರ ಕಚೇರಿಯದು. ನಾನು ಅಲ್ಲಿ ಅಟೆಂಡರ್. ಆಗ ನನ್ನ ಸೊಸೆ ಸಿದ್ದಮ್ಮನಿಗೆ ಏಳು ತಿಂಗಳು. ಅರ್ಧ ಮೈಲಿ ದೂರದ ಕೈಪಂಪಿನಿಂದ ದಿನಕ್ಕೆ ಆರು ಕೊಡ ಹೊರುತ್ತಿದ್ದಳು.

ಕಚೇರಿಗೆ ಕಂಪ್ಯೂಟರ್ ಬಂದಿತ್ತು. ನಲ್ಲಿಯಿಂದ ಹನಿಯೊಂದು ಬೀಳುವುದನ್ನು ಹತ್ತು ಸೆಕೆಂಡು ತೋರಿಸಬೇಕಿತ್ತು. ಸೆಕೆಂಡಿಗೆ ಎಷ್ಟು ಚಿತ್ರ, ಎಷ್ಟು ಬಣ್ಣ, ಮುಗಿದ ಮೇಲೆ ಯಾವುದಕ್ಕೆ ಇಳಿಸಬೇಕು ಎಂದು ಯಂತ್ರ ಮೊದಲೇ ಕೇಳುತ್ತದಂತೆ. ಉತ್ತರ ಕೊಡಲು ಸಭೆ ಸೇರಿತು. ಯಂತ್ರ ನಡೆಸುವ ಪುಟ್ಟಯ್ಯನವರು ಎದ್ದು ನಿಂತು ಅಧಿಕಾರಿ ಚಕ್ರಪಾಣಿಯವರಿಗೆ ಅರಿಕೆ ಮಾಡಿಕೊಂಡರು.

“ಹನ್ನೆರಡು ಚಿತ್ರ, ಹದಿನಾರು ಬಣ್ಣ, ವಿಡಿಯೋ ಟೇಪು ಸಾಕು ಸಾರ್. ಐದು ದಿನದಲ್ಲಿ ಮುಗಿಸ್ಬಿಡ್ತೀನಿ.”

“ಜಾಸ್ತಿ ಅಂದ್ರೆ ಎಷ್ಟು ಹೋಗತ್ರೀ?”

“ಇಪ್ಪತ್ನಾಲ್ಕು ಚಿತ್ರ, ಇನ್ನೂರೈವತ್ತಾರು ಬಣ್ಣ. ಆದ್ರೆ ಒಂದೊಂದು ಚಿತ್ರಕ್ಕೂ ಒಂದೊಂದು ದಿನ ಬೇಕು. ಒಂದು ಹನಿಗೆ ಅಷ್ಟು ಬಣ್ಣ ಯಾಕೆ ಸಾರ್?”

“ಕಡಿಮೆ ಹಾಕಿದ್ರೆ ಯಾಕೆ ಕಡಿಮೆ ಅಂತ ಕಡತದಲ್ಲಿ ಕಾರಣ ಬರೀಬೇಕು. ಜಾಸ್ತಿ ಹಾಕಿದ್ರೆ ಯಾರೂ ಕೇಳಲ್ಲ. ಜಾಸ್ತೀನೇ ಹಾಕಿ.”

ಸೂಪರಿಂಟೆಂಡೆಂಟ್ ಭಾಗೀರಥಮ್ಮನವರು ಮೇಜಿನ ಮೇಲಿದ್ದ ಖಾಲಿ ಟೇಪನ್ನು ತಿರುಗಿಸಿ ನೋಡಿದರು. “ಇದ್ರ ಮೇಲೆ ಸಹಿ ಎಲ್ಲಿ ಹಾಕೋದು? ಮೊಹರು ಎಲ್ಲಿ ಒತ್ತೋದು?”

ಹೀಗಾಗಿ ಚಲನಚಿತ್ರವನ್ನು ಕಾಗದಕ್ಕೆ, ಮೂರು ಪ್ರತಿಗಳಲ್ಲಿ, ಇಳಿಸುವುದೆಂದು ತೀರ್ಮಾನವಾಯಿತು. ಮುದ್ರಣ ಯಂತ್ರದಲ್ಲಿ ಕಪ್ಪು ಶಾಯಿ ಮಾತ್ರ ಇದ್ದುದರಿಂದ ಇನ್ನೂರೈವತ್ತಾರು ಬಣ್ಣಗಳೂ ಕಪ್ಪಾಗಿ ಬಂದವು. ಎಲ್ಲವೂ ಇವೆಯೆಂದು ಭಾಗೀರಥಮ್ಮನವರು ದೃಢೀಕರಿಸಿದರು.

ಒಟ್ಟು ಇನ್ನೂರ ನಲವತ್ತು ಚಿತ್ರ, ಕೆಲಸದ ದಿನಕ್ಕೊಂದು. ಸಂಜೆ ಮನೆಗೆ ಹೋದರೆ ಸಿದ್ದಮ್ಮ ಕೊಡ ಇಳಿಸುತ್ತ ಕೇಳುವಳು: “ಅತ್ತೆ, ಹನಿ ಎಲ್ಲೀಗಂಟ ಬಂತು?”

“ನಲ್ಲಿ ಬಾಯಿಗೆ ಬಂದೈತೆ ಕಣಮ್ಮ. ಇನ್ನೂ ಕಳಚಿಲ್ಲ.”

ಐವತ್ತನೆಯ ಚಿತ್ರದ ದಿನ ಮೊಮ್ಮಗಳು ಹುಟ್ಟಿದಳು. ಹನಿ ನಲ್ಲಿಯಿಂದ ಕಳಚಿದ್ದು ಆಮೇಲೆ; ಅವಳಿಗಿಂತ ಹನ್ನೊಂದು ದಿನ ಚಿಕ್ಕದು.

ನೂರ ನಲವತ್ತನೆಯ ಚಿತ್ರದಲ್ಲಿ ಹನಿ ಅರ್ಧದಾರಿಗೆ ಬಂದಾಗ ಲೆಕ್ಕತನಿಖೆಯವರ ಆಕ್ಷೇಪಣೆ ಬಂತು: ಹನಿ ನೆಲಕ್ಕೆ ಬಿದ್ದರೆ ಇಲಾಖೆಯೇ ನೀರು ಪೋಲು ಮಾಡಿದಂತಾಗುವುದು. ಆದ್ದರಿಂದ ಉಳಿದ ನೂರು ಚಿತ್ರಗಳಲ್ಲೂ ಹನಿ ಇದ್ದಲ್ಲಿಯೇ ಇರತಕ್ಕದ್ದೆಂದು ಆದೇಶವಾಯಿತು.

“ನೂರೂ ಒಂದೇ ಥರ ಅಲ್ವಾ ಸಾರ್? ಒಂದು ಮಾಡಿ ಮಿಕ್ಕಿದ್ದು ನಕಲು ತೆಗೀಲಾ?” ಎಂದರು ಪುಟ್ಟಯ್ಯ.

“ನಕಲು ಅಂದ್ರೆ ನಕಲೇ ರೀ. ನಂಗೆ ನೂರೂ ಅಸಲೇ ಬೇಕು.”

ಪುಟ್ಟಯ್ಯನವರು ಅದೇ ಹನಿಯನ್ನು ನೂರು ದಿನ ಹೊಸದಾಗಿ ಮಾಡಿದರು.

ಪ್ರದರ್ಶನದ ದಿನ ಗಲ್ಲಿಯ ಜನರೆಲ್ಲ ಸೇರಿದರು. ಹಾಳೆಗಳ ಕಟ್ಟನ್ನು ಹೆಬ್ಬೆರಳಿನಿಂದ ಸರಸರನೆ ಬಿಡುವ ಕೆಲಸವನ್ನು ನನಗೆ ವಹಿಸಲಾಗಿತ್ತು. ಹನಿ ಇಳಿಯಿತು, ನಿಂತಿತು. ಅದರ ಪಕ್ಕದಲ್ಲಿ, ಒಂದೊಂದು ಹಾಳೆಗೂ ಒಂದೊಂದು ಕಡೆ ಒತ್ತಿದ್ದ ಮೊಹರು ಮಾತ್ರ ಕೊನೆಯವರೆಗೂ ಕುಣಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಗೋಣಿತಟ್ಟು ಬಿಚ್ಚಿದಾಗ ನೀರು ಧಾರಾಳವಾಗಿ ಸುರಿಯಿತು. ಮಗುವನ್ನು ಎತ್ತಿಕೊಂಡೇ ಸಿದ್ದಮ್ಮ ಕೊಡವಿಟ್ಟಳು. ಕಾಲುಭಾಗ ತುಂಬಿತ್ತು.

“ನಿಲ್ಸಿ! ನಿಲ್ಸಿ!” ಎಂದರು ಚಕ್ರಪಾಣಿಯವರು. “ಮಂಜೂರಾದ ಚಿತ್ರದಲ್ಲಿ ಹೀಗಿಲ್ಲ.”

ನಲ್ಲಿಯವನು ತಿರುಪನ್ನು ಬಿಗಿಸುತ್ತ ಬಂದು, ಬಾಯಲ್ಲಿ ಒಂದೇ ಹನಿ ತೂಗುವಂತೆ ಮಾಡಿ ಕೈತೆಗೆದನು.

“ಬೀಳಲ್ವಾ ಸ್ವಾಮಿ?” ಎಂದಳು ಸಿದ್ದಮ್ಮ.

“ಬಿದ್ರೆ ಆಕ್ಷೇಪಣೆ ಬರತ್ತಮ್ಮ” ಎಂದರು ಚಕ್ರಪಾಣಿಯವರು.

ಕೊಡದಲ್ಲಿದ್ದ ನೀರು ಚಿತ್ರಕ್ಕೆ ಹೊಂದದ ಕಾರಣ ಚರಂಡಿಗೆ ಚೆಲ್ಲಿಸಲಾಯಿತು.

ಅಂದಿನಿಂದ ಎಲ್ಲವೂ ಕ್ರಮವಾಗಿ ನಡೆಯುತ್ತಿದೆ. ಬೆಳಿಗ್ಗೆ ಸಾಲಿನಲ್ಲಿ ನಿಲ್ಲುತ್ತೇವೆ. ಸರದಿ ಬಂದಾಗ ಹನಿಯ ಕೆಳಗೆ ಹತ್ತು ಸೆಕೆಂಡು ಕೊಡ ಹಿಡಿದು, ರಿಜಿಸ್ಟರಿಗೆ ಹೆಬ್ಬೆಟ್ಟು ಒತ್ತುತ್ತೇವೆ. ಸಾಲು ಮುರಿದರೆ ಗಲ್ಲಿಯವರೇ ಬೈಯುತ್ತಾರೆ. ಮೊದಲು ಕೈಪಂಪಿಗೆ ನೇರವಾಗಿ ಹೋಗುತ್ತಿದ್ದೆವು. ಈಗ ನಲ್ಲಿಯ ಮೂಲಕ ಹೋಗುತ್ತೇವೆ. ಸಿದ್ದಮ್ಮನ ಸೊಂಟದ ಒಂದು ಬದಿಗೆ ಮಗು, ಇನ್ನೊಂದು ಬದಿಗೆ ಕೊಡ. ಮಗು ಹನಿಯನ್ನು ಕಂಡರೆ ಕೈ ಚಾಚುತ್ತದೆ. ಮುಟ್ಟಬಾರದೆಂದು ಕಲಿಸುತ್ತಿದ್ದೇವೆ.

ನನಗೆ ತಿಳಿದಷ್ಟು ಬರೆದಿದ್ದೇನೆ. ತಪ್ಪಿದ್ದರೆ ದಯವಿಟ್ಟು ಕ್ಷಮಿಸಿ.